ಸಿಂಗಾನಲ್ಲೂರಿನ ಸೊಸೆ ಕಟ್ಟಿದ ಸಂಸ್ಥೆ

ಹಿಂದೀ ಚಲಚ್ಚಿತ್ರಗಳ ಚರಿತ್ರೆಯನ್ನು ಬಲ್ಲವರಿಗೆ ‘ಮನೆತನದ ಸ್ಟುಡಿಯೊ’ ಎಂದೊಡನೆ ಮೊದಲು ನೆನಪಾಗುವುದು ಮುಂಬಯಿಯ ಚೆಂಬೂರು. 1948ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಪ್ರಾಯದಲ್ಲಿದ್ದ ರಾಜ್ ಕಪೂರ್ ತಮ್ಮ ಹೆಸರಿನ ಎರಡು ಅಕ್ಷರಗಳಿಂದ ಆರ್. ಕೆ. ಫಿಲ್ಮ್ಸ್ ಸಂಸ್ಥೆಯನ್ನು ಆರಂಭಿಸಿದರು. ತಂದೆ, ಸೋದರರು, ಮಕ್ಕಳು ಒಂದೇ ಲಾಂಛನದಡಿ ದುಡಿದರು. ಅಂಥ ಸ್ಟುಡಿಯೊ 2017ರ ಸೆಪ್ಟೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. 2019ರಲ್ಲಿ ಅದರ ನೆಲವೂ ಕಟ್ಟಡ ಕಟ್ಟುವ ಕಂಪೆನಿಯ ಪಾಲಾಯಿತು.

ಕನ್ನಡ ನಾಡಿನಲ್ಲಿಯೂ ಅಂಥದೊಂದು ಮನೆತನದ ಸಂಸ್ಥೆ ಬೆಳೆಯಿತು. ಆದರೆ ಅದಕ್ಕೆ ಚೆಂಬೂರಿನ ಹಾಗೆ ಸ್ವಂತ ಚಿತ್ರೀಕರಣ ಮಂದಿರವಿರಲಿಲ್ಲ. ಊಟದ ಮನೆಯೇ ಅದರ ಕಚೇರಿ. ಬಂಧುಬಳಗವೇ ಅದರ ಸಿಬ್ಬಂದಿ. ಅದರ ಚುಕ್ಕಾಣಿಯನ್ನು ಹಿಡಿದವರು ಹದಿಮೂರನೆಯ ವಯಸ್ಸಿನಲ್ಲಿ ನಾಟಕದವರ ಮನೆಯನ್ನು ಹೊಕ್ಕ ಒಬ್ಬ ಗೃಹಿಣಿ, ಶ್ರೀಮತಿ ಪಾರ್ವತಮ್ಮ ರಾಜ್‌ಕುಮಾರ್ ಅವರು. ಆ ಮನೆತನದ ಬೇರು ಇರುವುದು ಕೊಳ್ಳೇಗಾಲದ ಸೀಮೆಯಲ್ಲಿ.

ಗಡಿಸೀಮೆಯ ಮಣ್ಣು

ಕೊಳ್ಳೇಗಾಲ, ಹನೂರು, ಯಳಂದೂರು—ಈ ಮೂರು ಊರುಗಳು ಈಗ ಚಾಮರಾಜನಗರ ಜಿಲ್ಲೆಗೆ ಸೇರಿವೆ. ಆ ಜಿಲ್ಲೆ ಏರ್ಪಟ್ಟುದೇ 1997ರಲ್ಲಿ. ಅದಕ್ಕೆ ಹಿಂದಿನ ಚರಿತ್ರೆಯಲ್ಲಿ ಈ ಊರುಗಳು ಬೇರೆ ಬೇರೆ ಒಡೆಯರನ್ನು ಕಂಡಿದ್ದವು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ದೊರೆತ ಜಹಗೀರು; ಮೈಸೂರು ಸಂಸ್ಥಾನದ ನೆಲ. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕಾದರೋ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಭಾಗ. ಜನರ ಮಾತು ಕನ್ನಡ. ಸರಕಾರದ ಕಾಗದಪತ್ರಗಳು ಹೋಗಿಬರಬೇಕಾದುದು ಕೊಯಮತ್ತೂರಿಗೆ.

ಆಳುವವರು ಯಾರೇ ಆಗಿರಲಿ, ಈ ಸೀಮೆಯ ಹಾಡು ಮಾತ್ರ ಒಂದೇ ಆಗಿತ್ತು. ಮಲೆಯ ಮಾದಪ್ಪನ ದೇವರಗುಡ್ಡರು ಕಂಸಾಳೆ ಹಿಡಿದು ಊರೂರು ತಿರುಗುತ್ತಿದ್ದರು. ಮಂಟೇಸ್ವಾಮಿ ಸಿದ್ಧಪ್ಪಾಜಿಯವರ ಕಥೆಯನ್ನು ನೀಲಗಾರರು ರಾತ್ರಿಯೆಲ್ಲ ಹಾಡುತ್ತಿದ್ದರು. ಚಿಕ್ಕಲ್ಲೂರಿನ ಜಾತ್ರೆಗೂ ಬಿಳಿಗಿರಿರಂಗನ ತೇರಿಗೂ ಗಾಡಿ ಕಟ್ಟಿಕೊಂಡು ಹೋಗುವ ಜನಕ್ಕೆ ಕಥೆ ಕೇಳುವುದೆಂದರೆ ಊಟದಷ್ಟೇ ಅವಶ್ಯಕ.

ಇಂಥ ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರು ಎಂಬ ಹಳ್ಳಿಯವರು ಪುಟ್ಟಸ್ವಾಮಯ್ಯನವರು. ನಾಟಕವೇ ಅವರ ಜೀವನ. ಬಡತನ ಅದರ ಬೆನ್ನಿಗೆ ಅಂಟಿಬಂದದ್ದು. ಅವರ ಪತ್ನಿ ಲಕ್ಷ್ಮಮ್ಮನವರು. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಈ ದಂಪತಿಗಳಿಗೆ ಹುಟ್ಟಿದ ಮಗನಿಗೆ ಮುತ್ತತ್ತಿಯ ಹನುಮಂತರಾಯನ ನೆನಪಿಗಾಗಿ ಮುತ್ತುರಾಜನೆಂದು ಹೆಸರಿಟ್ಟರು. ಆಗ ಸಿಂಗಾನಲ್ಲೂರು, ಗಾಜನೂರು ಎರಡೂ ಕೊಯಮತ್ತೂರು ಜಿಲ್ಲೆಯವೇ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿಯ ಮಗ್ಗುಲಿನ ಗಾಜನೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಹೀಗೆ ತಂದೆಯ ಊರಿಗೂ ಹುಟ್ಟಿದ ಊರಿಗೂ ನಡುವೆ ಒಂದು ರಾಜ್ಯದ ಗಡಿಯೇ ಹಾದುಹೋಯಿತು. ಮುಂದೆ ಇಡೀ ಕನ್ನಡ ನಾಡು ತನ್ನವನೆಂದು ಅಪ್ಪಿಕೊಂಡ ನಟ ಬಂದುದು ಗಡಿಯ ಈ ಸಂದಿಯಿಂದ.

ಸೊಸೆಯಾಗಿ ಬಂದವಳು

ಪಾರ್ವತಮ್ಮನವರು ಹುಟ್ಟಿದ್ದು 1939ರ ಡಿಸೆಂಬರ್ 6ರಂದು, ಕೃಷ್ಣರಾಜನಗರದ ಬಳಿಯ ಸಾಲಿಗ್ರಾಮದಲ್ಲಿ. 1953ರ ಜೂನ್ 25ರಂದು ನಂಜನಗೂಡಿನಲ್ಲಿ ಅವರ ವಿವಾಹ ನೆರವೇರಿತು. ವರ ಚಿತ್ರನಟನಲ್ಲ, ರಂಗದ ಮೇಲೆ ಬಣ್ಣ ಹಚ್ಚುತ್ತಿದ್ದ ಮುತ್ತುರಾಜ. ‘ಬೇಡರ ಕಣ್ಣಪ್ಪ’ ತೆರೆಗೆ ಬಂದುದು ಮರುವರ್ಷ, 1954ರಲ್ಲಿ. ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರು ಮುತ್ತುರಾಜನಿಗೆ ರಾಜ್‌ಕುಮಾರ್ ಎಂಬ ಹೊಸ ಹೆಸರನ್ನು ಕೊಟ್ಟರು.

ಹೆಸರು ಬಂದಿತು. ಹೆಸರಿನೊಡನೆ ಹಣವೂ ಬಂದಿತೆಂದು ಭಾವಿಸಿದರೆ ತಪ್ಪಾದೀತು. ಕನ್ನಡ ಚಿತ್ರಗಳು ಆಗ ಬಹುಮಟ್ಟಿಗೆ ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೊಗಳಲ್ಲಿ. ಹಿಂದೀ, ತಮಿಳು, ತೆಲುಗು ಚಿತ್ರಗಳು ಮುಗಿದ ಮೇಲೆ ಸಿಕ್ಕಿದ ಅವಕಾಶದಲ್ಲಿ ಕನ್ನಡದವರು ಕೆಲಸ ಪೂರೈಸಬೇಕಾಗಿತ್ತು. ಕನ್ನಡ ಚಿತ್ರಗಳು ಓಡುವ ಪ್ರದೇಶ ಕಿರಿದು, ಚಿತ್ರಮಂದಿರಗಳು ಕಡಮೆ. ಕಲಾವಿದರಿಗೆ ಕೆಲಸವೇ ಇಲ್ಲದ ದಿನಗಳೂ ಇದ್ದವು. ಅಂಥ ಕಾಲದಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಮೊದಲಾದವರು ಕೂಡಿ ಕಲಾವಿದರ ಸಂಘವನ್ನು ಕಟ್ಟಿಕೊಂಡು ನಾಟಕಗಳನ್ನಾಡಿದರು. ಅದೇ ಸಂಘದ ಮೂಲಕ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತೆಗೆದರು. ನಟರು ತಾವೇ ನಿರ್ಮಾಪಕರಾದರೆ ಮಾತ್ರ ತಮ್ಮ ಅನ್ನಕ್ಕೆ ತಾವು ಒಡೆಯರಾಗಬಹುದೆಂಬ ಪಾಠವನ್ನು ಆ ಮನೆ ಅಂದೇ ಕಲಿತಿತ್ತೆನ್ನಬಹುದು.

ಮದರಾಸಿನ ಆ ಮನೆಯಾದರೂ ಎಂಥದು! ರಾಜ್‌ಕುಮಾರರ ತಮ್ಮ ವರದರಾಜ್, ಬಂಧುಗಳು, ಮಕ್ಕಳುಮರಿ—ಎಲ್ಲರೂ ಕೂಡಿದ ದೊಡ್ಡ ಸಂಸಾರ. ಅದನ್ನು ತೂಗಿಸುವ ಹೊಣೆ ಹರೆಯದ ಸೊಸೆಯದು. ಇದ್ದುದನ್ನು ಅಳೆದು ಬಡಿಸುವುದು, ನಾಳೆಗೆ ಉಳಿಸುವುದು, ಯಾರ ಮನಸ್ಸೂ ನೋಯದಂತೆ ಪಾಲು ಹಂಚುವುದು—ಚಿತ್ರನಿರ್ಮಾಣದ ಲೆಕ್ಕಪತ್ರಗಳಿಗೆ ಇದಕ್ಕಿಂತ ಉತ್ತಮವಾದ ಪಾಠಶಾಲೆ ಬೇರೊಂದಿರಲಾರದು.

ಗೂಡಿನಿಂದ ಸೀರೆಯವರೆಗೆ

ಕೊಳ್ಳೇಗಾಲವೆಂದರೆ ರೇಷ್ಮೆ. ಹುಳುವಿಗೆ ಸೊಪ್ಪು ಹಾಕಿ ಸಾಕುವವನೊಬ್ಬ. ಗೂಡಿನಿಂದ ನೂಲು ಬಿಚ್ಚುವವನೊಬ್ಬ. ಮಗ್ಗದಲ್ಲಿ ಕುಳಿತು ನೇಯುವವನೊಬ್ಬ. ಸೀರೆಯನ್ನು ಮಾರುವವನು ಮತ್ತೊಬ್ಬ. ರಾತ್ರಿ ನಿದ್ದೆಗೆಟ್ಟು ಹುಳು ಸಾಕಿದವನಿಗೆ ಸೀರೆಯ ಬೆಲೆಯಲ್ಲಿ ಎಷ್ಟು ಪಾಲು ದಕ್ಕೀತೆಂಬುದನ್ನು ಆ ಊರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಚಿತ್ರೋದ್ಯಮದ ಕ್ರಮವೂ ಇದಕ್ಕಿಂತ ಬೇರೆಯಲ್ಲ. ನಟ ಸಂಭಾವನೆಯನ್ನು ಪಡೆದು ಮನೆಗೆ ಹೋಗುತ್ತಾನೆ. ನಿರ್ಮಾಪಕ ಸಾಲ ತಂದು ಚಿತ್ರ ತೆಗೆಯುತ್ತಾನೆ. ಹಂಚಿಕೆದಾರ ಮುಂಗಡ ಕೊಟ್ಟು ಒಂದೊಂದು ಪ್ರದೇಶದ ಹಕ್ಕನ್ನು ಕೊಳ್ಳುತ್ತಾನೆ. ಹಂಚಿಕೆಗಾಗಿ ಕರ್ನಾಟಕವನ್ನು ಉದ್ಯಮದವರು ತಮ್ಮದೇ ರೀತಿಯಲ್ಲಿ ಪಾಲು ಮಾಡಿಕೊಂಡಿದ್ದಾರೆ: ಬೆಂಗಳೂರು, ಕೋಲಾರ, ತುಮಕೂರುಗಳು ಒಂದು, ಮೈಸೂರು, ಮಂಡ್ಯ, ಕೊಡಗು, ಹಾಸನಗಳು ಇನ್ನೊಂದು, ಉತ್ತರದ ಜಿಲ್ಲೆಗಳು ಬೇರೆ. ಚಿತ್ರಮಂದಿರದ ಮಾಲಿಕ ವಾರದ ಬಾಡಿಗೆಯನ್ನೋ ಗಳಿಕೆಯ ಪಾಲನ್ನೋ ಹಿಡಿದುಕೊಳ್ಳುತ್ತಾನೆ. ಚಿತ್ರ ಇಪ್ಪತ್ತೈದು ವಾರ ನಡೆದರೂ, ಹತ್ತು ವರ್ಷಗಳ ಬಳಿಕ ಮರಳಿ ತೆರೆಕಂಡರೂ, ಸಂಭಾವನೆ ಪಡೆದ ನಟನಿಗೆ ಅದರಿಂದ ಬರುವುದು ಕೀರ್ತಿ ಮಾತ್ರ.

1975ರಲ್ಲಿ ಪಾರ್ವತಮ್ಮನವರು ‘ತ್ರಿಮೂರ್ತಿ’ ಚಿತ್ರದಿಂದ ನಿರ್ಮಾಪಕಿಯಾದರು. ಸಂಸ್ಥೆಯ ಹೆಸರು ಪೂರ್ಣಿಮಾ ಎಂಟರ್‌ಪ್ರೈಸಸ್. ಮನೆಯ ಮಗಳ ಹೆಸರೂ ಅದೇ. ಕಿರಿಯ ಮಗ ಪುನೀತ್ ಹುಟ್ಟಿದುದೂ ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ. ಕಂಕುಳಲ್ಲಿ ಹಸುಗೂಸು, ಕೈಯಲ್ಲಿ ಚಿತ್ರದ ಲೆಕ್ಕದ ಪುಸ್ತಕ! ಅಲ್ಲಿಯವರೆಗೆ ಕನ್ನಡ ಚಿತ್ರರಂಗದಲ್ಲಿ ಹೆಂಗಸರಿಗೆ ಇದ್ದ ಸ್ಥಾನ ಬಹುಮಟ್ಟಿಗೆ ಕ್ಯಾಮರಾದ ಮುಂದೆ. ಹಣದ ಪೆಟ್ಟಿಗೆಯ ಹಿಂದೆ ಕುಳಿತು ಗಾಂಧಿನಗರದ ಹಂಚಿಕೆದಾರರೊಡನೆ ಸಮಸಮವಾಗಿ ಮಾತನಾಡಿದ ಮಹಿಳೆಯರು ಅತಿ ವಿರಳ.

ಕಾಲಕ್ರಮದಲ್ಲಿ ವಜ್ರೇಶ್ವರಿ ಕಂಬೈನ್ಸ್ ಎಂಬ ಹೆಸರು ನಾಡಿನ ಮೂಲೆಮೂಲೆಗೆ ಪರಿಚಿತವಾಯಿತು. ನಿರ್ಮಾಣ, ಹಂಚಿಕೆ ಎರಡೂ ಮನೆಯವರ ಕೈಗೆ ಬಂದವು. ಪಾರ್ವತಮ್ಮನವರ ಸೋದರರೂ ಕೆಲಸಕ್ಕೆ ಹೆಗಲು ಕೊಟ್ಟರು. ಗೂಡಿನಿಂದ ಸೀರೆಯವರೆಗಿನ ಕೆಲಸವೆಲ್ಲ ಒಂದೇ ಸೂರಿನಡಿ ಬಂದಂತಾಯಿತು. ಪಾರ್ವತಮ್ಮನವರು ಜೀವಮಾನದಲ್ಲಿ ನಿರ್ಮಿಸಿದ, ಅರ್ಪಿಸಿದ ಚಿತ್ರಗಳ ಸಂಖ್ಯೆ ಎಂಬತ್ತನ್ನು ಮೀರುತ್ತದೆ.

ಕಾದಂಬರಿಯಿಂದ ತೆರೆಗೆ

ಈ ಸಂಸ್ಥೆಯ ಯಶಸ್ಸಿನ ಮರ್ಮ ಕಥೆಯ ಆಯ್ಕೆಯಲ್ಲಿತ್ತು. ಆ ಹೊಣೆ ಮುಖ್ಯವಾಗಿ ವರದರಾಜ್ ಅವರದು. ಸಂಭಾಷಣೆ, ಗೀತಗಳಿಗೆ ಚಿ. ಉದಯಶಂಕರ್, ನಿರ್ದೇಶನಕ್ಕೆ ದೊರೈ–ಭಗವಾನ್, ಸಿಂಗೀತಂ ಶ್ರೀನಿವಾಸರಾವ್, ಎಂ. ಎಸ್. ರಾಜಶೇಖರ್ ಅಂಥವರು. ಮಧ್ಯಾಹ್ನದ ಬಿಡುವಿನಲ್ಲಿ ಗೃಹಿಣಿಯರು ಓದುವ ಕಾದಂಬರಿ, ಹವ್ಯಾಸಿಗಳು ಆಡುವ ನಾಟಕ—ಇವುಗಳ ಕಡೆಗೆ ಇವರ ಕಣ್ಣು ಹರಿಯಿತು. ತ.ರಾ.ಸು. ಅವರ ಕಾದಂಬರಿಗಳಿಂದ ‘ಆಕಸ್ಮಿಕ’ (1993), ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ‘ವ್ಯಾಪ್ತಿ ಪ್ರಾಪ್ತಿ’ಯಿಂದ ‘ಜೀವನ ಚೈತ್ರ’ (1992), ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕದಿಂದ ‘ನಂಜುಂಡಿ ಕಲ್ಯಾಣ’ (1989) ಹುಟ್ಟಿದವು. ಅಮ್ಮ, ಅಜ್ಜಿ, ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಮುಜುಗರವಿಲ್ಲದೆ ನೋಡಬಹುದಾದ ಚಿತ್ರ—ಇದು ಆ ಲಾಂಛನ ಪ್ರೇಕ್ಷಕರಿಗೆ ಕೊಟ್ಟ ಭರವಸೆ.

ಮುಂಬಯಿಯಿಂದ ಕಥೆಗಳನ್ನು ತಂದು ಕನ್ನಡಕ್ಕೆ ಇಳಿಸುವ ಪದ್ಧತಿ ಸಾಮಾನ್ಯವಾಗಿದ್ದ ಕಾಲದಲ್ಲಿ ಇಲ್ಲಿನ ಕಥೆಗಳು ಮುಂಬಯಿಗೆ ಹೋದುದೂ ಉಂಟು. ರಾಜ್‌ಕುಮಾರರು ಮೂರು ಪಾತ್ರಗಳಲ್ಲಿ ಕಾಣಿಸಿಕೊಂಡ ‘ಶಂಕರ್ ಗುರು’ (1978) ಪಾರ್ವತಮ್ಮನವರ ನಿರ್ಮಾಣ. ತಮಿಳಿನಲ್ಲಿ ಅದು ಶಿವಾಜಿ ಗಣೇಶನ್ ಅವರ ‘ತಿರಿಶೂಲಂ’ ಆಯಿತು. ಹಿಂದಿಯಲ್ಲಿ 1983ರಲ್ಲಿ ಅಮಿತಾಭ್ ಬಚ್ಚನ್ ಅವರ ‘ಮಹಾನ್’ ಆಯಿತು. ಎಚ್. ಜಿ. ರಾಧಾದೇವಿಯವರ ಕಾದಂಬರಿಯನ್ನು ಆಧರಿಸಿದ, ರಾಜ್‌ಕುಮಾರರು ನಟಿಸಿದ ‘ಅನುರಾಗ ಅರಳಿತು’ (1986) ತಮಿಳು ತೆಲುಗುಗಳನ್ನು ಹಾದು 1994ರಲ್ಲಿ ‘ಲಾಡ್ಲಾ’ ಎಂಬ ಹೆಸರಿನಲ್ಲಿ ಹಿಂದಿಯನ್ನು ಸೇರಿತು. ಕನ್ನಡದ ಲೇಖಕಿಯೊಬ್ಬರ ಕಥೆಯನ್ನು ಉತ್ತರದ ಪ್ರೇಕ್ಷಕರು ಮೂಲ ಯಾವುದೆಂದು ತಿಳಿಯದೆಯೇ ಮೆಚ್ಚಿದರು.

ಹಣದ ಲೆಕ್ಕವನ್ನೇ ಮುಂದಿಟ್ಟುಕೊಂಡವರು ಕೈಹಾಕದ ಚಿತ್ರಗಳೂ ಈ ಪಟ್ಟಿಯಲ್ಲಿವೆ. 1985ರ ‘ಬೆಟ್ಟದ ಹೂವು’ ಅಂಥದು. ನಿರ್ದೇಶಕರು ಎನ್. ಲಕ್ಷ್ಮೀನಾರಾಯಣ್. ಹೊಡೆದಾಟವಿಲ್ಲ, ಪ್ರಣಯವಿಲ್ಲ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಗ್ರಂಥವನ್ನು ಕೊಳ್ಳಬೇಕೆಂದು ಕಾಸು ಕೂಡಿಡುವ ಬಡ ಹುಡುಗನ ಕಥೆ. ಕೂಡಿಟ್ಟ ಹಣ ಕೊನೆಗೆ ಮನೆಯವರ ಚಳಿಗೆ ಹೊದಿಕೆಯಾಗುತ್ತದೆ. ಹುಡುಗನಾಗಿ ನಟಿಸಿದ ಪುನೀತ್‌ಗೆ ಶ್ರೇಷ್ಠ ಬಾಲನಟನೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿಯನ್ನು ಆಧರಿಸಿ ಟಿ. ಎಸ್. ನಾಗಾಭರಣ ಅವರು ನಿರ್ದೇಶಿಸಿದ ‘ಜನುಮದ ಜೋಡಿ’ (1996) ಇನ್ನೊಂದು ಉದಾಹರಣೆ. ಜಾತಿಯ ಗೋಡೆಯ ಎರಡು ಬದಿಗಳಲ್ಲಿ ನಿಂತ ಹಳ್ಳಿಯ ಪ್ರೇಮಿಗಳ ಆ ಕಥೆಯನ್ನು ಪಟ್ಟಣದವರೂ ಹಳ್ಳಿಯವರೂ ಸಮಾನವಾಗಿ ಮೆಚ್ಚಿದರು.

ತಾಯಿಯ ಪಕ್ಷಪಾತವೆ?

ಮೂವರು ಮಕ್ಕಳನ್ನೂ ಪಾರ್ವತಮ್ಮನವರೇ ನಾಯಕರನ್ನಾಗಿ ತೆರೆಗೆ ತಂದರು. ‘ಆನಂದ್’ (1986) ಚಿತ್ರದಿಂದ ಶಿವರಾಜ್‌ಕುಮಾರ್, ‘ಅಪ್ಪು’ (2002) ಚಿತ್ರದಿಂದ ಪುನೀತ್ ನಾಯಕರಾದರು; ‘ನಂಜುಂಡಿ ಕಲ್ಯಾಣ’ ರಾಘವೇಂದ್ರರಿಗೆ ದೊಡ್ಡ ಗೆಲುವನ್ನು ತಂದಿತು. ಇದೇ ಚಿತ್ರಗಳು ಬೇರೆ ಮನೆಗಳ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದವು. ಸುಧಾರಾಣಿ ‘ಆನಂದ್’ ಚಿತ್ರದಲ್ಲಿ, ಮಾಲಾಶ್ರೀ ‘ನಂಜುಂಡಿ ಕಲ್ಯಾಣ’ದಲ್ಲಿ, ರಕ್ಷಿತಾ ‘ಅಪ್ಪು’ವಿನಲ್ಲಿ, ರಮ್ಯಾ ‘ಅಭಿ’ (2003) ಚಿತ್ರದಲ್ಲಿ ಮೊದಲು ನಾಯಕಿಯರಾದರು. ಬಳಿಕ ಇಡೀ ಉದ್ಯಮ ಅವರನ್ನು ಅರಸಿಕೊಂಡು ಬಂದಿತು. ಹೊಸ ಮುಖವನ್ನು ಗುರುತಿಸುವ ಪಾರ್ವತಮ್ಮನವರ ದೃಷ್ಟಿ ಚಿತ್ರರಂಗದಲ್ಲಿ ಹೆಸರಾಯಿತು.

ಟೀಕೆಗಳಿರಲಿಲ್ಲವೆಂದಲ್ಲ. ಒಂದು ಮನೆತನಕ್ಕೆ ಇಷ್ಟು ಬಲ ಸಲ್ಲದು. ಮನೆಯ ಮಕ್ಕಳಿಗೆ ಸುಲಭವಾಗಿ ದೊರೆತ ಅವಕಾಶ ಹೊರಗಿನ ಪ್ರತಿಭೆಗೆ ದೊರೆಯಲಿಲ್ಲ. ಎಲ್ಲವೂ ಒಬ್ಬ ನಟನ ಸುತ್ತಲೇ ತಿರುಗಿತು—ಎಂಬ ಮಾತುಗಳು ಕೇಳಿಬಂದವು. ಈ ಮಾತುಗಳನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ನಿರ್ಮಾಣವೂ ಹಂಚಿಕೆಯೂ ಒಂದೇ ಕೈಯಲ್ಲಿದ್ದಾಗ ಆ ಕೈ ಎಷ್ಟೇ ಸೌಮ್ಯವಾಗಿದ್ದರೂ ಎದುರಿಗೆ ನಿಂತವನಿಗೆ ಅದು ಭಾರವಾಗಿಯೇ ತೋರುತ್ತದೆ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಒಂದು ಚಿತ್ರ ಸೋತರೆ ಊರು ಬಿಡುವ ನಿರ್ಮಾಪಕರ ನಡುವೆ, ಸೋಲು ಗೆಲುವುಗಳೆರಡನ್ನೂ ಜೀರ್ಣಿಸಿಕೊಂಡು ದಶಕಗಳ ಕಾಲ ಎಡೆಬಿಡದೆ ಚಿತ್ರಗಳನ್ನು ತೆಗೆದ ಸಂಸ್ಥೆಯಿಂದ ಎಷ್ಟೋ ಸಂಸಾರಗಳಿಗೆ ಅನ್ನ ದೊರೆಯಿತು. ಕನ್ನಡ ಚಿತ್ರಕ್ಕೆ ಒಂದು ಸ್ಥಿರತೆ ಬಂದಿತು.

ಯಳಂದೂರಿನ ಸಂಚಿಯ ಹೊನ್ನಮ್ಮನನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಚಿಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದು ಊಳಿಗ ಮಾಡುತ್ತಿದ್ದ ಆಕೆ ‘ಹದಿಬದೆಯ ಧರ್ಮ’ವನ್ನು ಬರೆದಳು. ಗೃಹಿಣಿಯ ಧರ್ಮವನ್ನು ಹೇಳುತ್ತಲೇ ಹೆಣ್ಣಿನ ಘನತೆಯನ್ನೂ ಎತ್ತಿ ನುಡಿದಳು. ಅದೇ ಸೀಮೆಗೆ ಮೂರು ಶತಮಾನಗಳ ತರುವಾಯ ಸೊಸೆಯಾಗಿ ಬಂದ ಪಾರ್ವತಮ್ಮನವರು ಗೃಹಧರ್ಮವನ್ನು ಬಿಡದೆಯೇ ಅದರ ಮೇರೆಯನ್ನು ಗಾಂಧಿನಗರದವರೆಗೆ ಚಾಚಿದರು.

ನೂರೆಂಟು ದಿನಗಳು

2000ನೆಯ ಇಸವಿ ಈ ಮನೆಗೆ ಅಗ್ನಿಪರೀಕ್ಷೆಯನ್ನು ತಂದಿತು. ಹನೂರಿನ ಆಚೆಗೆ, ಕಾವೇರಿಯ ದಡದ ಗೋಪಿನಾಥಂ ಕಾಡುಗಳ್ಳ ವೀರಪ್ಪನ್‌ನ ಹುಟ್ಟೂರು. ಅಲ್ಲಿಂದ ಮಲೆಯ ಮಾದಪ್ಪನ ಬೆಟ್ಟದ ಸುತ್ತ, ಸತ್ಯಮಂಗಲದ ಕಾಡಿನವರೆಗೆ ಅವನ ಹೆಸರು ಕೇಳಿದರೆ ಜನ ನಡುಗುತ್ತಿದ್ದರು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್ ಅವರನ್ನು ಅವನು ಕೊಂದಿದ್ದನು. 1993ರ ಏಪ್ರಿಲಿನಲ್ಲಿ ಪಾಲಾರಿನ ಬಳಿ ನೆಲಬಾಂಬು ಸಿಡಿಸಿ ಪೋಲೀಸರ ತಂಡವೊಂದನ್ನು ಬಲಿ ತೆಗೆದುಕೊಂಡಿದ್ದನು.

ಜುಲೈ 30ರ ರಾತ್ರಿ ಗಾಜನೂರಿನ ಮನೆಗೆ ನುಗ್ಗಿದ ವೀರಪ್ಪನ್, ಎಪ್ಪತ್ತೊಂದರ ವೃದ್ಧ ರಾಜ್‌ಕುಮಾರರನ್ನೂ ಅಳಿಯ ಗೋವಿಂದರಾಜ್, ಬಂಧು ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ ಇವರನ್ನೂ ಕಾಡಿಗೆ ಕರೆದೊಯ್ದನು. ಬೆಂಗಳೂರು ಸ್ತಬ್ಧವಾಯಿತು. ಚಿತ್ರಮಂದಿರಗಳು ಬಾಗಿಲು ಮುಚ್ಚಿದವು, ಚಿತ್ರೀಕರಣಗಳು ನಿಂತವು. ಎರಡು ರಾಜ್ಯಗಳ ಸರಕಾರಗಳು ಸಂಧಾನದಲ್ಲಿ ತೊಡಗಿದವು. ಹುಟ್ಟಿದ ಊರಿಗೂ ತಂದೆಯ ಊರಿಗೂ ನಡುವೆ 1956ರಲ್ಲಿ ಎಳೆದ ಗೆರೆ ಈಗ ಒಂದು ಸಂಸಾರದ ಎದೆಯ ಮೇಲೆಯೇ ಹಾದಂತಾಯಿತು. ಸದಾಶಿವನಗರದ ಮನೆಯಲ್ಲಿ ಪಾರ್ವತಮ್ಮನವರು ಕಳೆದ ಆ ರಾತ್ರಿಗಳನ್ನು ಯಾವ ಕಾದಂಬರಿಕಾರನೂ ಕಲ್ಪಿಸಲಾರ. ಲೆಕ್ಕಪತ್ರ, ಹಂಚಿಕೆ, ನೂರು ದಿನಗಳ ಸಮಾರಂಭ—ಬದುಕನ್ನೆಲ್ಲ ತುಂಬಿದ್ದ ಆ ಸಂಗತಿಗಳಿಗೆ ಅಂದು ಯಾವ ಬೆಲೆಯೂ ಉಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ನಾಗಪ್ಪ ತಪ್ಪಿಸಿಕೊಂಡು ಬಂದರು. ನೂರೆಂಟು ದಿನಗಳ ಸೆರೆಯ ಬಳಿಕ, ನವೆಂಬರ್ 15ರಂದು ರಾಜ್‌ಕುಮಾರರು ಬಿಡುಗಡೆ ಹೊಂದಿದರು. ಅದೇ ವರ್ಷ ತೆರೆಕಂಡಿದ್ದ ‘ಶಬ್ದವೇಧಿ’ಯೇ ಅವರು ನಾಯಕರಾಗಿ ನಟಿಸಿದ ಕೊನೆಯ ಚಿತ್ರವಾಗಿ ಉಳಿಯಿತು.

ಸಂಸ್ಥೆ ನಿಲ್ಲಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ‘ಅಪ್ಪು’ ಬಂದಿತು. ಕಣ್ಣೀರನ್ನು ಒರೆಸಿಕೊಂಡು ಮರುದಿನದ ಅಡುಗೆಗೆ ಅಕ್ಕಿ ಅಳೆಯುವ ಗೃಹಿಣಿಯ ಧೈರ್ಯ ಇದೇ ಬಗೆಯದು.

ಉಳಿದದ್ದು

2006ರ ಆರಂಭದಲ್ಲಿ ವರದರಾಜ್ ತೀರಿಕೊಂಡರು. ಅದೇ ಏಪ್ರಿಲ್ 12ರಂದು ರಾಜ್‌ಕುಮಾರರು ಅಗಲಿದರು. 2017ರ ಮೇ 31ರಂದು ಪಾರ್ವತಮ್ಮನವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಪತಿಯ ಸಮಾಧಿಯಿರುವ ಕಂಠೀರವ ಸ್ಟುಡಿಯೊದ ಆವರಣದಲ್ಲಿಯೇ ಅವರಿಗೂ ನೆಲೆ ದೊರೆಯಿತು. ಸ್ವಂತ ಸ್ಟುಡಿಯೊ ಇಲ್ಲದ ಮನೆತನಕ್ಕೆ ಕಡೆಗೆ ಸ್ಟುಡಿಯೊವೊಂದರ ಅಂಗಳವೇ ವಿಶ್ರಾಂತಿಯ ತಾಣವಾದುದು ವಿಧಿಯ ವಿಚಿತ್ರ. 2021ರ ಅಕ್ಟೋಬರ್ 29ರಂದು ನಾಲ್ವತ್ತಾರರ ಹರೆಯದಲ್ಲಿಯೇ ತೀರಿಕೊಂಡ ಪುನೀತ್ ಅವರನ್ನೂ ತಂದೆತಾಯಿಗಳ ಬಳಿಯಲ್ಲಿಯೇ ಮಣ್ಣು ಮಾಡಲಾಯಿತು. ಅವರು ಹೊಸಬರ ಚಿತ್ರಗಳಿಗಾಗಿಯೇ ಸ್ಥಾಪಿಸಿದ್ದ ಪಿ. ಆರ್. ಕೆ. ಪ್ರೊಡಕ್ಷನ್ಸ್ ಸಂಸ್ಥೆಯ ಹೊಣೆಯನ್ನು ಪತ್ನಿ ಅಶ್ವಿನಿಯವರು ಹೊತ್ತರು. ಅತ್ತೆ ನಡೆದ ದಾರಿಯಲ್ಲಿ ಸೊಸೆ ನಡೆದಂತಾಯಿತು.

ಚೆಂಬೂರಿನ ಸ್ಟುಡಿಯೊಗೆ ಗೋಡೆಗಳಿದ್ದವು. ಅವು ಬೆಂಕಿಗೂ ಮಾರುಕಟ್ಟೆಗೂ ಸಿಕ್ಕಿದವು. ಕೊಳ್ಳೇಗಾಲದ ಬೇರಿನ ಈ ಸಂಸ್ಥೆಯಲ್ಲಿ ಸುಡಬಹುದಾದ, ಮಾರಬಹುದಾದ ಗೋಡೆಗಳು ಇರಲಿಲ್ಲ. ಹುಳು ಸಾಕಿದವನಿಗೂ ಸೀರೆಯ ಬೆಲೆಯಲ್ಲಿ ನ್ಯಾಯವಾದ ಪಾಲು ಸಲ್ಲಬೇಕು. ಅದು ತಾನಾಗಿ ಸಲ್ಲದಿದ್ದರೆ ಮಗ್ಗವನ್ನೂ ಅಂಗಡಿಯನ್ನೂ ತಾನೇ ಇಟ್ಟುಕೊಳ್ಳುವ ಛಲ ಬೇಕು. ಸಿಂಗಾನಲ್ಲೂರಿನ ಸೊಸೆ ಆ ಛಲವನ್ನು ಕನ್ನಡದ ಕಲಾವಿದರಿಗೆ ಬಿಟ್ಟುಹೋಗಿದ್ದಾರೆ.